ಮಕ್ಕಳ ಕೈಗೆ ಕತ್ತಿ ಕೊಟ್ಟ ಮೂರು ಕಾದಂಬರಿಗಳು

ಎಸ್ಸೆಸ್ಸೆಲ್ಸಿ ಮುಗಿಸಿ ರಜೆಗೆ ಬಂದ ಅಕ್ಕನ ಮಗಳು, "ಮಾಮಾ, ಹಂಗರ್ ಗೇಮ್ಸ್ ಥರದ್ದು ಇನ್ನೇನಿದೆ?" ಅಂದಳು. ಅವಳು ಓದಿದ್ದು ಮೊದಲ ಭಾಗ ಮಾತ್ರ. ಕಪಾಟಿನಲ್ಲಿ ಅದೇ ಥರದ, ಬೇರೆ ಲೇಖಕರ ಇನ್ನೆರಡು ಪುಸ್ತಕ ಇದ್ದವು. ಕೊಡೋಕೆ ಮುಂಚೆ ಮೂರನ್ನೂ ಸಾಲಾಗಿ ಮತ್ತೆ ಓದಿದೆ. ಮೂರರಲ್ಲೂ ಮಕ್ಕಳೇ ಮಕ್ಕಳನ್ನು ಕೊಲ್ಲುತ್ತಾರೆ. ಯಾಕೆ ಕೊಲ್ಲುತ್ತಾರೆ ಅನ್ನುವಲ್ಲಿ ಮಾತ್ರ ಮೂವರು ಲೇಖಕರದೂ ಮೂರು ದಾರಿ.

ವಿಲಿಯಂ ಗೋಲ್ಡಿಂಗ್ 1954ರಲ್ಲಿ ಬರೆದ 'ಲಾರ್ಡ್ ಆಫ್ ದ ಫ್ಲೈಸ್' ಮೂರರಲ್ಲಿ ಹಳೆಯದು, ಚಿಕ್ಕದು, ಆದರೆ ಓದಲು ನಿಧಾನ. ವಿಮಾನ ಬಿದ್ದು ಶಾಲಾ ಹುಡುಗರಷ್ಟೇ ಸಿಕ್ಕಿಕೊಂಡ ದ್ವೀಪದಲ್ಲಿ ಸರ್ಕಾರವಿಲ್ಲ, ದೊಡ್ಡವರಿಲ್ಲ, ಹಣ್ಣಿಗೂ ಹಂದಿಗೂ ಬರವಿಲ್ಲ. ಆದರೂ ಹುಡುಗರು ಮುಖಕ್ಕೆ ಬಣ್ಣ ಬಳಿದುಕೊಂಡು ಜೊತೆಯವರನ್ನೇ ಬೇಟೆಯಾಡುತ್ತಾರೆ. ಕತ್ತಲೆ ಹುಟ್ಟಿನಿಂದಲೇ ಒಳಗಿದೆ ಅನ್ನೋದು ಗೋಲ್ಡಿಂಗ್ ವಾದ. ಕಾಲೇಜಿನಲ್ಲಿ ಓದಿದಾಗ ಬೆವೆತಿದ್ದೆ. ಈ ಸಲ ಪಾಠ ಒಪ್ಪಿಸಿದ ಹಾಗನ್ನಿಸಿತು. ಅವರಲ್ಲೊಬ್ಬನಾದ ಪಿಗ್ಗಿಯ ಕನ್ನಡಕದಿಂದ ಬೆಂಕಿ ಹೊತ್ತಿಸುವ ಪುಟಕ್ಕೆ ಬಂದ ಹುಡುಗಿ, "ಇವನಿಗೆ ದೂರದ್ದು ಕಾಣಲ್ಲ ಅಂದ್ರೆ ಅದು ಬೆಳಕು ಚದುರಿಸೋ ನಿಮ್ನ ಮಸೂರ ಅಲ್ವಾ? ಬೆಂಕಿ ಹೇಗೆ ಹತ್ತುತ್ತೆ?" ಅಂದಳು. ಪರೀಕ್ಷೆ ಬರೆದ ಬಿಸಿ ಇನ್ನೂ ಆರಿರಲಿಲ್ಲ. ಗೋಲ್ಡಿಂಗ್ ಶಾಲಾ ಮೇಷ್ಟರಾಗಿದ್ದವರು. ಇಂಥ ಒಬ್ಬಳು ಅವರ ತರಗತಿಯಲ್ಲಿ ಇರಬೇಕಿತ್ತು.

1999ರಲ್ಲಿ ಬಂದ ಕೌಶುನ್ ತಕಾಮಿಯ 'ಬ್ಯಾಟಲ್ ರಾಯಲ್'ನಲ್ಲಿ ಒಂದೇ ತರಗತಿಯ 42 ಮಕ್ಕಳು. ಸರ್ಕಾರ ಅವರ ಕೊರಳಿಗೆ ಸಿಡಿಯುವ ಪಟ್ಟಿ ಕಟ್ಟಿ ದ್ವೀಪಕ್ಕೆ ಬಿಡುತ್ತದೆ. ಉಳಿಯಬೇಕಾದ್ದು ಒಬ್ಬರೇ. ಯೂಕೊ, ಯೂಕಾ, ಯೂಕಿಯೆ ಅನ್ನೋ ಹೆಸರುಗಳಲ್ಲಿ ತಲೆಕೆಟ್ಟು, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪಟ್ಟಿ ಬರೆದಿಟ್ಟುಕೊಂಡೆ. ಅಧ್ಯಾಯದ ಕೊನೆಗೆ ಇನ್ನೆಷ್ಟು ಮಂದಿ ಉಳಿದರು ಅಂತ ಲೆಕ್ಕ ಬರುತ್ತದೆ. ಒಂದೊಂದೇ ಹೆಸರಿಗೆ ಪೆನ್ನಿನಿಂದ ಗೀಟು ಹಾಕುತ್ತಾ ಹೋದೆ. ದೀಪಸ್ತಂಭದ ಅಧ್ಯಾಯದಲ್ಲಿ ಪೆನ್ನು ಕೆಳಗಿಟ್ಟೆ. ಆರು ಗೆಳತಿಯರು ಬಾಗಿಲು ಭದ್ರಮಾಡಿ, ಅಡುಗೆ ಮಾಡಿಕೊಂಡು, ಹೇಗೋ ನೆಮ್ಮದಿಯಾಗಿರುತ್ತಾರೆ. ಹೆದರಿದ ಒಬ್ಬಳು ಇನ್ಯಾರಿಗೋ ಅಂತ ವಿಷ ಹಾಕಿದ ಊಟ ಒಬ್ಬ ಗೆಳತಿಯ ಬಾಯಿಗೆ ಬೀಳುತ್ತದೆ. ಆಮೇಲೆ ನೀನಾ, ನೀನಾ ಅನ್ನುತ್ತಲೇ ಗುಂಡು ಹಾರುತ್ತವೆ. ಅಲ್ಲಿ ಕೆಟ್ಟವರು ಒಬ್ಬರೂ ಇಲ್ಲ. ಗುಮಾನಿಯೊಂದೇ ಸಾಕಾಯಿತು. ಗೋಲ್ಡಿಂಗ್‌ಗಿಂತ ಇದನ್ನು ನಂಬುತ್ತೇನೆ. ಆದರೆ ರಕ್ತ ವಿಪರೀತ. ಹದಿನಾರರ ಹುಡುಗಿಗೆ ಈಗಲೇ ಬೇಡ ಅಂತ ಮೇಲಿನ ಅರೆಗೆ ಸೇರಿಸಿದೆ.

ಸುಜಾನ್ ಕಾಲಿನ್ಸ್ 2008ರಲ್ಲಿ ಶುರುಮಾಡಿದ 'ಹಂಗರ್ ಗೇಮ್ಸ್' ತಕಾಮಿಯ ನಕಲು ಅನ್ನುವವರಿದ್ದಾರೆ. ತನ್ನದನ್ನು ಬರೆದು ಕೊಡುವವರೆಗೂ ಆ ಪುಸ್ತಕದ ಹೆಸರೇ ಕೇಳಿರಲಿಲ್ಲ ಅಂತ ಕಾಲಿನ್ಸ್ ಹೇಳಿದ್ದಾರೆ. ನನಗಂತೂ ಎರಡರ ರುಚಿಯೇ ಬೇರೆ. ಇಲ್ಲೂ ಸರ್ಕಾರ ಲಾಟರಿ ಎತ್ತಿ ಮಕ್ಕಳನ್ನು ಸಾಯುವವರೆಗೆ ಕಾದಾಡುವ ಆಟಕ್ಕೆ ಕಳಿಸುತ್ತದೆ. ಆದರೆ ಮೊದಲು ಬರುವುದು ಹಸಿವು. ಒಬ್ಬರ ವರ್ಷದ ಕಾಳು, ಎಣ್ಣೆ ಬೇಕಿದ್ದರೆ ಲಾಟರಿಗೆ ನಿನ್ನ ಹೆಸರಿನ ಚೀಟಿ ಇನ್ನೊಂದು ಹಾಕು. ಹಾಗಾಗಿ ಹದಿನಾರರ ಕಥಾನಾಯಕಿ ಕ್ಯಾಟ್ನಿಸ್ ಹೆಸರಿನಲ್ಲಿ 20 ಚೀಟಿ, ಅವಳ ಗೆಳೆಯ ಹದಿನೆಂಟರ ಗೇಲ್ ಹೆಸರಿನಲ್ಲಿ 42. ಉಳ್ಳವರ ಮಕ್ಕಳಿಗೆ ವಯಸ್ಸಿನ ಲೆಕ್ಕದ ಚೀಟಿ ಅಷ್ಟೇ. ದಬ್ಬಾಳಿಕೆ ಪಡಿತರದ ಸಾಲಿನಲ್ಲಿ ಹೇಗೆ ನಿಂತಿರುತ್ತದೆ ಅನ್ನೋದನ್ನು ಇಷ್ಟು ಚಿಕ್ಕದಾಗಿ ತೋರಿಸಿದ ಜಾಗ ಉಳಿದೆರಡರಲ್ಲಿ ನನಗೆ ಸಿಗಲಿಲ್ಲ. ಎರಡನೇ ಭಾಗ ಅರ್ಧದವರೆಗೆ ಜಗ್ಗುತ್ತದೆ, ಇರಲಿ.

ಮೂರನೇ ಭಾಗಕ್ಕಾಗಿಯೇ ನನ್ನ ಮತ ಕಾಲಿನ್ಸ್‌ಗೆ. (ಓದದವರು ಇಲ್ಲಿಗೇ ನಿಲ್ಲಿಸಿ.) ದಂಗೆ ಗೆದ್ದ ಮೇಲೆ ಬಂಡಾಯದ ನಾಯಕಿ, ಸೋತವರ ಮಕ್ಕಳನ್ನಿಟ್ಟುಕೊಂಡು ಕೊನೆಯದೊಂದು ಆಟ ಆಡಿಸೋಣವಾ ಅಂತ ಹಿಂದಿನ ಆಟಗಳನ್ನು ಗೆದ್ದವರಲ್ಲಿ ಬದುಕುಳಿದ ಏಳು ಮಂದಿಯನ್ನು ಕೇಳುತ್ತಾಳೆ. ಕ್ಯಾಟ್ನಿಸ್ ಹೂಂ ಅನ್ನುತ್ತಾಳೆ.

ಅದನ್ನು ಓದಿ ನಮ್ಮ ಹುಡುಗಿ ರಾತ್ರಿ ಊಟಕ್ಕೆ ಕೂತಾಗಲೂ ಜಗಳ. ಅವಳ ಪ್ರಕಾರ ಕ್ಯಾಟ್ನಿಸ್‌ದು ನಾಟಕ, ನಾಯಕಿಯ ನಂಬಿಕೆ ಗಳಿಸಲು ಹಾಗಂದದ್ದು. ನನಗೆ ನಾಟಕ ಅನ್ನಿಸಲಿಲ್ಲ. "ಇನ್ನೊಂದ್ಸಲ ಓದು ಮಾಮಾ," ಅಂತ ಪುಸ್ತಕ ನನ್ನ ತಟ್ಟೆಯ ಪಕ್ಕಕ್ಕೇ ತಳ್ಳಿದಳು.