ಐಡಿ ಫ್ಯಾನಿಗೆ ಮೂರು ಥರದ ವೈಬ್ರೇಶನ್ ಸೆನ್ಸರ್: ಯಾವುದು ಉಳೀತು, ಯಾವುದನ್ನು ಬಿಚ್ಚಿದೆ

ಗಂಗಾವತಿ ಹತ್ತಿರ ಒಂದು ರೈಸ್ ಮಿಲ್‌ನಲ್ಲಿ ಮಷೀನುಗಳ ಜವಾಬ್ದಾರಿ ನನ್ನದು. ಹಿಂದಿನ ಸೀಸನ್‌ನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಬಾಯ್ಲರ್‌ನ ಐಡಿ ಫ್ಯಾನ್ ಬೇರಿಂಗ್ ಜಾಮ್ ಆಯಿತು. ಹೊಗೆ ಎಳೆಯುವ ಫ್ಯಾನೇ ನಿಂತ ಮೇಲೆ ಬೆಂಕಿ ತಗ್ಗಿಸಲೇಬೇಕು. ಸ್ಟೀಮ್ ಹೋಯಿತು. ಟ್ಯಾಂಕಿನಲ್ಲಿ ನೆನೆದಿದ್ದ ಭತ್ತ ಅಲ್ಲೇ ಉಳೀತು, ಮರುದಿನ ಮಧ್ಯಾಹ್ನದ ಹೊತ್ತಿಗೆ ಹುಳಿ ವಾಸನೆ. ಬೇರಿಂಗ್ ಬೆಲೆ ಏನೂ ಅಲ್ಲ. ಭತ್ತದ ಲೆಕ್ಕ ನೋಡಿದ ಮೇಲೆ ಮಾಲೀಕರೇ "ಅದೇನೋ ಸೆನ್ಸರ್ ಅಂತಿದ್ದೆಯಲ್ಲ, ತಂದು ಹಾಕು" ಅಂದರು.

ಒಂದೇ ಫ್ಯಾನಿಗೆ ಮೂರು ಥರದ್ದು ಹಾಕಿ ಒಂದು ಸೀಸನ್ ಓಡಿಸಿದೆ. ವೈರ್ ಇರುವ 4-20 ಮಿಲಿಆಂಪ್ ಸೆನ್ಸರ್ (ರೀಡಿಂಗನ್ನು 4ರಿಂದ 20 ಮಿಲಿಆಂಪ್ ಕರೆಂಟಾಗಿ ಕಳಿಸುವಂಥದ್ದು), ಬ್ಯಾಟರಿ ಮೇಲೆ ಓಡುವ ವೈರ್‌ಲೆಸ್ ಸೆನ್ಸರ್, ಮತ್ತೆ ನಾನೇ ಕೂತು ಜೋಡಿಸಿದ್ದು: ಇಎಸ್‌ಪಿ32 ಅನ್ನೋ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಅಲುಗಾಟ ಅಳೆಯುವ ಒಂದು ಎಡಿಎಕ್ಸ್‌ಎಲ್345 ಚಿಪ್. ಮೂರನೆಯದಕ್ಕೆ ಸಾವಿರ ರೂಪಾಯಿಯೂ ಆಗಲಿಲ್ಲ.

ಫ್ಯಾನಿನ ಬಗ್ಗೆ ಸ್ವಲ್ಪ ಹೇಳಬೇಕು. 25 ಎಚ್‌ಪಿ ಮೋಟರ್, 1440 ಆರ್‌ಪಿಎಂ. ಬೆಲ್ಟ್ ಮೂಲಕ ಫ್ಯಾನ್ 1200ರಲ್ಲಿ ತಿರುಗುತ್ತದೆ. ಅಂದರೆ ಮೋಟರ್ ಸೆಕೆಂಡಿಗೆ 24 ಸುತ್ತು, ಫ್ಯಾನ್ 20 ಸುತ್ತು. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಮೊದಲು ಕೂರಿಸುವ ಕಥೆ. ನನ್ನ ಅರ್ಧ ತಪ್ಪುಗಳು ಆಗಿದ್ದು ಇಲ್ಲೇ. ವೈರ್‌ಲೆಸ್ ಸೆನ್ಸರ್ ಮ್ಯಾಗ್ನೆಟ್ ಸಮೇತ ಬಂದಿತ್ತು. ಬೇರಿಂಗ್ ಕೂರುವ ಕಬ್ಬಿಣದ ಗೂಡು, ಅಂದರೆ ಪ್ಲಮ್ಮರ್ ಬ್ಲಾಕ್ ಮೇಲೆ ಟಪ್ ಅಂತ ಅಂಟಿಸಿ ಮನೆಗೆ ಹೋದೆ. ಬೆಳಗ್ಗೆ ನೋಡಿದರೆ ಸೆನ್ಸರ್ ಓರೆಯಾಗಿ ತಿರುಗಿದೆ, ರೀಡಿಂಗ್ ಹುಚ್ಚಾಪಟ್ಟೆ. ಕೆಳಗೆ ಹಳೇ ಪೇಂಟು, ಅದರ ಮೇಲೆ ಹೊಟ್ಟಿನ ಬೂದಿ, ಸಾಲದ್ದಕ್ಕೆ ಬ್ಲಾಕಿನ ಮೈ ಗುಂಡಗೆ. ಮ್ಯಾಗ್ನೆಟ್ ಕೂತಿದ್ದು ಕಬ್ಬಿಣದ ಮೇಲಲ್ಲ, ಧೂಳಿನ ಮೇಲೆ. ಆಮೇಲೆ ಪೇಂಟ್ ಕೆರೆದು, ಎಮರಿ ಪೇಪರ್ ಹಾಕಿ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ, ಎಪಾಕ್ಸಿಯಿಂದ ಸಣ್ಣ ಸ್ಟೀಲ್ ಪ್ಯಾಡ್ ಅಂಟಿಸಿದೆ. ಪ್ಯಾಡಿಗೆ ಸೆನ್ಸರ್ ತಿರುಪಿದೆ. ಅವತ್ತಿನಿಂದ ರೀಡಿಂಗ್ ನಿಂತಲ್ಲಿ ನಿಂತಿತು. ನೆಟ್ಟಗೆ ಡ್ರಿಲ್ ಹೊಡೆದು ಸ್ಟಡ್ ಹಾಕುವುದು ಇನ್ನೂ ಒಳ್ಳೇದು, ಆದರೆ ಬ್ಲಾಕಿನ ಮೇಲಿನ ಕ್ಯಾಪ್ ಎಷ್ಟು ದಪ್ಪ ಅಂತ ಗೊತ್ತಿಲ್ಲದೆ ಡ್ರಿಲ್ ಹಿಡಿಯಬೇಡಿ. ಒಂದು ಚೂರು ಲೋಹ ಗ್ರೀಸಿಗೆ ಬಿದ್ದರೆ ಹೊಸ ಬೇರಿಂಗ್ ನೀವೇ ತಿಂದಂತೆ. ಮೋಟರಿಗೆ ಹಾಕುವವರು ಹಿಂದಿನ ಫ್ಯಾನ್ ಕವರ್ ಮೇಲೆ ಮಾತ್ರ ಹಾಕಬೇಡಿ. ಅದು ತಗಡು, ತನ್ನಷ್ಟಕ್ಕೆ ತಾನೇ ನಡುಗುತ್ತಿರುತ್ತದೆ.

ವೈರ್ ಇರುವುದರದ್ದು ಬೇರೆ ರಗಳೆ. ಕೇಬಲ್ಲನ್ನು ವಿಎಫ್‌ಡಿಯ (ಮೋಟರ್ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್) ಪವರ್ ಕೇಬಲ್ ಹೋಗುವ ಟ್ರೇಯಲ್ಲೇ ಎಳೆದಿದ್ದೆ. ಫ್ಯಾನ್ ನಿಂತಾಗಲೂ ಇಂಡಿಕೇಟರ್ ಕುಣಿಯುತ್ತಿತ್ತು. ಬೇರೆ ಪೈಪಿನಲ್ಲಿ ಎಳೆದು, ಶೀಲ್ಡನ್ನು ಪ್ಯಾನಲ್ ಕಡೆ ಮಾತ್ರ ಅರ್ತ್ ಮಾಡಿದ ಮೇಲೆ ಸುಮ್ಮನಾಯಿತು. ಮಷೀನು ನಡೆಸುವ ಕಂಪ್ಯೂಟರ್, ಅದೇ ಪಿಎಲ್‌ಸಿ, ನಮ್ಮಲ್ಲಿ ಇಲ್ಲ. ಒಂದು ಡಿಜಿಟಲ್ ಇಂಡಿಕೇಟರ್, ಎರಡು ರಿಲೇ, ಒಂದು ಹೂಟರ್, ಅಷ್ಟೇ. ಮಷೀನು ಎಷ್ಟು ಅಲುಗಬಹುದು ಅಂತ ಹೇಳುವ ಐಎಸ್‌ಒ 10816-3 ಪಟ್ಟಿ ನೋಡಿ ಸೆಕೆಂಡಿಗೆ 4.5 ಮಿಲಿಮೀಟರ್‌ಗೆ ಹೂಟರ್, 7.1ಕ್ಕೆ ಟ್ರಿಪ್, ಅಂದರೆ ಫ್ಯಾನ್ ತಾನೇ ನಿಲ್ಲಬೇಕು ಅಂತ ಸೆಟ್ ಮಾಡಿದೆ. ಫ್ಯಾನ್ ಶುರುವಾಗುವಾಗ ಒಮ್ಮೆ ಜೋರಾಗಿ ಅಲುಗುತ್ತದೆ, ಅದಕ್ಕೆ 20 ಸೆಕೆಂಡ್ ಡಿಲೇ ಬೇಕೇ ಬೇಕು. ಇದರಲ್ಲಿ ನನಗೆ ಇಷ್ಟವಾದ ಗುಣ ಒಂದಿದೆ. ಸೊನ್ನೆ ವೈಬ್ರೇಶನ್‌ಗೂ 4 ಮಿಲಿಆಂಪ್ ಬರುತ್ತದೆ. ಇಲಿ ವೈರ್ ಕಡಿದರೆ ಅದೂ ಇಲ್ಲ, ತಕ್ಷಣ ಗೊತ್ತಾಗುತ್ತದೆ. ವೈರ್‌ಲೆಸ್ ಸುಮ್ಮನಾದರೆ ಬ್ಯಾಟರಿ ಹೋಯಿತಾ, ಸಿಗ್ನಲ್ ಹಿಡಿಯುವ ಗೇಟ್‌ವೇ ಡಬ್ಬಿಗೆ ಕರೆಂಟ್ ಇಲ್ವಾ, ತಗಡಿನ ಶೆಡ್ ಸಿಗ್ನಲ್ ತಿಂದಿತಾ ಅಂತ ಒಂದೊಂದಾಗಿ ಹುಡುಕಬೇಕು.

ಎರಡನೇ ತಿಂಗಳು ನಿಜವಾದ ಪರೀಕ್ಷೆ ಬಂತು. 2.1 ಇದ್ದ ರೀಡಿಂಗ್ ಹತ್ತು ದಿನದಲ್ಲಿ ನಿಧಾನಕ್ಕೆ 4.8ಕ್ಕೆ ಏರಿತು. ಹೂಟರ್ ಕೂಗುವ ಮೊದಲೇ ಬಾಯ್ಲರ್ ಹುಡುಗ ಫೋನ್ ಮಾಡಿದ್ದ: "ಅಣ್ಣಾ, ಫ್ಯಾನ್ ಯಾಕೋ ಗಡಗಡ ಅನ್ನಾಕತ್ತೈತ್ರಿ." ವೈರ್ ಸೆನ್ಸರ್ ಹೇಳಿದ್ದು "ಜಾಸ್ತಿ ಆಗಿದೆ" ಅಂತ ಮಾತ್ರ. ಯಾಕೆ ಅಂತ ಅದಕ್ಕೆ ಗೊತ್ತಿಲ್ಲ. ವೈರ್‌ಲೆಸ್‌ನ ಸ್ಪೆಕ್ಟ್ರಮ್ ತೆರೆದೆ, ಸೆಕೆಂಡಿಗೆ ಎಷ್ಟು ಸಲದ (ಹರ್ಟ್ಸ್) ಅಲುಗಾಟ ಎಷ್ಟಿದೆ ಅಂತ ಬಿಡಿಸಿ ತೋರಿಸುವ ಚಿತ್ರ ಅದು. 20 ಹರ್ಟ್ಸ್ ಹತ್ತಿರ ಒಂದೇ ಒಂದು ಕಂಬ ಎದ್ದು ನಿಂತಿತ್ತು. 24ರಲ್ಲಿ ಏನೂ ಇಲ್ಲ. ಮೋಟರ್ ಮುಟ್ಟುವ ಕೆಲಸವೇ ಇಲ್ಲ, ಬ್ಯಾಲೆನ್ಸ್ ತಪ್ಪಿರುವುದು ಫ್ಯಾನ್! ಬಾಗಿಲು ಬಿಚ್ಚಿದರೆ ಒಂದು ಬ್ಲೇಡಿನ ಬೆನ್ನಿಗೆ ಬೂದಿ ಮೆತ್ತಿ ಗಟ್ಟಿಯಾಗಿದೆ, ಹೆಂಚಿನ ಚೂರಿನಷ್ಟು ದಪ್ಪ. ಕೆರೆದು ತೆಗೆದು ಮತ್ತೆ ಓಡಿಸಿದಾಗ 2.3. ಮೊದಲಾಗಿದ್ದರೆ ಮೋಟರ್ ಇಳಿಸಿ ಬೇರಿಂಗ್ ಬದಲಿಸಿ ಒಂದು ದಿನ ಹಾಳು ಮಾಡುತ್ತಿದ್ದೆವು.

ನನ್ನ ಸಾವಿರ ರೂಪಾಯಿಯದೂ ಅಂಕಿ ಏರಿದ್ದನ್ನು ತೋರಿಸಿತ್ತು, ಸುಳ್ಳು ಹೇಳಬಾರದು. ಆದರೆ ಅದರ ಅಂಕಿ ಉಳಿದೆರಡಕ್ಕೂ ತಾಳೆಯಾಗಲಿಲ್ಲ.

ಸೀಸನ್ ಮುಗಿಯುವ ಹೊತ್ತಿಗೆ ಇನ್ನೊಂದು ಆಯಿತು. ವೈರ್ ಸೆನ್ಸರ್ 2.4ರಲ್ಲಿ ಆರಾಮಾಗಿ ಕೂತಿದೆ, ಆದರೆ ವೈರ್‌ಲೆಸ್‌ನಲ್ಲಿ ಹೈ ಫ್ರೀಕ್ವೆನ್ಸಿ ಆಕ್ಸಲರೇಶನ್ ದಿನಾ ಸ್ವಲ್ಪ ಸ್ವಲ್ಪ ಏರುತ್ತಿದೆ. ಬೇರಿಂಗ್ ಕೆಡುವುದಕ್ಕೆ ಶುರುವಾದಾಗ ಹೀಗೇ. ಆ ಚಿಟಿಚಿಟಿ ಸದ್ದು ಕಿಲೋಹರ್ಟ್ಸ್ ಲೆಕ್ಕದಲ್ಲಿರುತ್ತದೆ, 10ರಿಂದ 1000 ಹರ್ಟ್ಸ್ ಅಳೆಯುವ ನಮ್ಮ ವೈರ್ ಸೆನ್ಸರಿಗೆ ಕೇಳುವುದೇ ಇಲ್ಲ. ಎಡಿಎಕ್ಸ್‌ಎಲ್345 ಸೆಕೆಂಡಿಗೆ ಹೆಚ್ಚೆಂದರೆ 3200 ಬಾರಿ ಓದುತ್ತದೆ, ಅದರ ಅರ್ಧದವರೆಗಿನ ಅಲುಗಾಟ ಮಾತ್ರ ಹಿಡಿಯಬಹುದು, ಅಂದರೆ 1600 ಹರ್ಟ್ಸ್‌ಗೆ ಅದರ ಆಟ ಮುಗೀತು. ಭಾನುವಾರ ಬ್ಲಾಕ್ ಬಿಚ್ಚಿದೆವು. ಬೇರಿಂಗಿನ ಹೊರ ಬಳೆ, ಅಂದರೆ ಔಟರ್ ರೇಸ್‌ನಲ್ಲಿ ಉದ್ದಿನ ಕಾಳಿನಷ್ಟು ಜಾಗ ಪದರ ಎದ್ದಿತ್ತು.

ಹಾಗಾದರೆ ವೈರ್‌ಲೆಸ್ ಒಂದೇ ಸಾಕಲ್ವಾ? ಇಲ್ಲ. ನಮ್ಮದು ಗಂಟೆಗೊಮ್ಮೆ ಓದುತ್ತದೆ. ಇನ್ನೂ ಬೇಗ ಓದಿಸಿದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಎರಡು ಓದಿನ ನಡುವೆ ಒಂದು ಬ್ಲೇಡ್ ಮುರಿದರೆ ಫ್ಯಾನ್ ನಿಲ್ಲಿಸುವವರು ಯಾರು? ಆ ಕೆಲಸ ವೈರ್ ಸೆನ್ಸರ್ ಮತ್ತು ರಿಲೇಯದ್ದೇ. ಐಡಿ ಫ್ಯಾನಿಗೆ ಎರಡನ್ನೂ ಉಳಿಸಿಕೊಂಡಿದ್ದೇನೆ. ದುಡ್ಡು ಒಂದಕ್ಕೇ ಇದೆ ಅಂದರೆ ಇಂಥ ಫ್ಯಾನಿಗೆ ನಾನು ವೈರ್‌ನದ್ದನ್ನೇ ಹಾಕುತ್ತೇನೆ.

ಭತ್ತ ಮೇಲೆತ್ತುವ ಎಲಿವೇಟರ್ ತುದಿಯ ಗೇರ್ ಮೋಟರಿಗೆ ಮಾತ್ರ ಎರಡು ಮಾತಿಲ್ಲ, ವೈರ್‌ಲೆಸ್. ಅಷ್ಟೆತ್ತರ ಹತ್ತಿ ವಾರಕ್ಕೊಮ್ಮೆ ಮೀಟರ್ ಹಿಡಿಯುವವರು ನಮ್ಮಲ್ಲಿ ಯಾರೂ ಇಲ್ಲ, ನನ್ನನ್ನೂ ಸೇರಿಸಿ. ಆದರೆ ಅದೇ ಎಲಿವೇಟರಿನ ಮೇಲ್ತುದಿಯ ಚಕ್ರ, ಹೆಡ್ ಪುಲ್ಲಿಯ ಬೇರಿಂಗಿಗೆ ಹಾಕಿ ಪ್ರಯೋಜನವಾಗಲಿಲ್ಲ. ಅದು ನಿಮಿಷಕ್ಕೆ ನೂರು ಸುತ್ತೂ ತಿರುಗುವುದಿಲ್ಲ, ಎರಡು ಹರ್ಟ್ಸ್‌ಗಿಂತ ಕಡಿಮೆ. ಈ ಸೆನ್ಸರುಗಳಿಗೆ ಅದು ನಿಂತಂತೆಯೇ. ಅಲ್ಲಿ ಇವತ್ತಿಗೂ ಗ್ರೀಸ್ ಗನ್ ಮತ್ತು ಕೈಯೇ ಗತಿ.

ನನ್ನ ಇಎಸ್‌ಪಿ32 ಡಬ್ಬಿಯನ್ನು ಬಿಚ್ಚಿ ಮಗನಿಗೆ ಕೊಟ್ಟೆ. ಮನೆಯ ವಾಷಿಂಗ್ ಮಷೀನಿಗೆ ಅಂಟಿಸಿದ್ದಾನೆ. ಸ್ಪಿನ್ ಶುರುವಾದಾಗ ನನ್ನ ಫೋನಿಗೆ ಅಲಾರಂ ಬರುತ್ತದೆ, ಡಿಲೇ ಹಾಕೋದು ಅವನಿಗಿನ್ನೂ ಹೇಳಿಕೊಟ್ಟಿಲ್ಲ.