ತಿಂಗಳ ಪುಸ್ತಕದ ಡಬ್ಬಿ: ಕಥೆಗಳಿಗೆ ನಾಲ್ಕು ಸ್ಟಾರ್, ಜೊತೆಗೆ ಬರುವ ಕಾರ್ಡಿಗೆ ಒಂದು

ಮಕ್ಕಳ ಪುಸ್ತಕಗಳನ್ನು ತಿಂಗಳಿಗೊಮ್ಮೆ ಡಬ್ಬಿಯಲ್ಲಿ ಹಾಕಿ ಮನೆಗೆ ಕಳಿಸುವ ಸೇವೆಯೊಂದಕ್ಕೆ ಸೇರಿ ಸುಮಾರು ಕಾಲ ಆಯಿತು. ಹೆಸರು ಬೇಡ ಬಿಡಿ. 'ಇವತ್ತಿನ ಮಕ್ಕಳಿಗೆ ಇವತ್ತಿನ ಕಥೆ' ಅನ್ನುವುದು ಅವರ ಜಾಹೀರಾತು. ಅಮ್ಮ ಅಂದರೆ ಅಡುಗೆಮನೆ, ಅಪ್ಪ ಅಂದರೆ ಪೇಪರ್ ಓದುವವನು, ಅಜ್ಜಿ ಅಂದರೆ ಮೂಲೆಯಲ್ಲಿ ಕೂತವಳು, ಇಂಥ ಚಿತ್ರಗಳನ್ನೇ ನೋಡಿಕೊಂಡು ಬೆಳೆದ ನನ್ನಂಥವರು ಆ ಮಾತು ಕೇಳಿದರೆ ಸಾಕು, ದುಡ್ಡು ಕಟ್ಟಿಬಿಡುತ್ತೇವೆ.

ಬಂದಿದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಹೋಂವರ್ಕ್ ಪುಸ್ತಕ ಮರೆತ ಹುಡುಗನ ಕಥೆ. ಅವನಿಗೆ ಎರಡು ಮನೆ. ಕೆಲವು ದಿನ ಅಮ್ಮನ ಹತ್ತಿರ, ಕೆಲವು ದಿನ ಅಪ್ಪನ ಹತ್ತಿರ. ಪುಸ್ತಕ ಆ ಮನೆಯಲ್ಲಿ ಉಳಿದಿದೆ, ಬೆಳಗಾದರೆ ಟೀಚರ್ ಕೇಳುತ್ತಾರೆ. ಅಷ್ಟೇ ಕಥೆ. ಅಪ್ಪ ಅಮ್ಮ ಯಾಕೆ ಬೇರೆಯಾದರು ಅಂತ ಒಂದು ಸಾಲೂ ಇಲ್ಲ, ಯಾರೂ ಅಳುವುದಿಲ್ಲ, ಯಾರೂ ಸಮಾಧಾನ ಹೇಳುವುದಿಲ್ಲ, ಆದರೆ ಹುಡುಗ ಮಲಗುವ ಮುಂಚೆ ಯಾವ ಮನೆಯಲ್ಲಿ ಏನೇನು ಬಿಟ್ಟಿದ್ದೇನೆ ಅಂತ ಬೆರಳು ಮಡಚಿ ಲೆಕ್ಕ ಹಾಕುವ ಒಂದು ಪುಟ ಇದೆ, ಅದನ್ನು ನೋಡಿದರೆ ಎಲ್ಲ ಗೊತ್ತಾಗುತ್ತದೆ.

ಇನ್ನೊಂದರಲ್ಲಿ ವೀಲ್‌ಚೇರಿನಲ್ಲಿ ಓಡಾಡುವ ಹುಡುಗಿ. ಆಟದಲ್ಲಿ ಮಹಾ ಮೋಸಗಾತಿ. ಕಣ್ಣಾಮುಚ್ಚಾಲೆಯಲ್ಲಿ ಬೆರಳ ಸಂದಿಯಿಂದ ಇಣುಕುತ್ತಾಳೆ, ಸಿಕ್ಕಿಬಿದ್ದರೆ ಜಗಳಕ್ಕೇ ಬರುತ್ತಾಳೆ. ನನ್ನ ಮಗಳು ಅವಳನ್ನು ಬೈದುಕೊಂಡೇ ಮತ್ತೆ ಮತ್ತೆ ಓದಿಸಿಕೊಂಡಳು. ಪಾಪ ಅನ್ನಿಸಲಿ ಅಂತಲೇ ಇಟ್ಟ ಪಾತ್ರವನ್ನು ಯಾವ ಮಗುವೂ ಬೈಯುವುದಿಲ್ಲ, ಅಲ್ವಾ?

ಡಬ್ಬಿಯಲ್ಲಿ ಬರುವುದೆಲ್ಲ ಹೀಗಿದ್ದರೆ ಈ ವಿಮರ್ಶೆ ಇಲ್ಲಿಗೇ ಮುಗಿಯುತ್ತಿತ್ತು. ಅಪ್ಪ ಅಡುಗೆ ಮಾಡುತ್ತಾನೆ ಅನ್ನುವುದೇ ಒಂದು ಇಡೀ ಪುಸ್ತಕ. ಕೊನೆಯ ಪುಟದಲ್ಲಿ ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಅಮ್ಮ ಇಷ್ಟು ವರ್ಷ ಮಾಡಿದ್ದಕ್ಕೆ ಯಾವ ಪುಸ್ತಕದಲ್ಲೂ ಚಪ್ಪಾಳೆ ಬಿದ್ದದ್ದು ನಾನಂತೂ ನೋಡಿಲ್ಲ! ಮೊಬೈಲ್ ಬಗ್ಗೆ ಬಂದ ಪುಸ್ತಕಗಳಲ್ಲೂ ಅಷ್ಟೇ, ತಪ್ಪು ಯಾವಾಗಲೂ ಮಗುವಿನದು. ದೊಡ್ಡವರು ಫೋನ್ ಕೆಳಗಿಡದೆ ಮಗು ಕಾಯುತ್ತಾ ಕೂರುವ ಕಥೆ ಯಾಕೋ ಇವರಿಗೆ ಸಿಕ್ಕಿಲ್ಲ.

ಇನ್ನು ಆ ಕಾರ್ಡು. ಪ್ರತಿ ಪುಸ್ತಕದ ಜೊತೆ ಪೋಷಕರಿಗೆ ಅಂತ ಒಂದು ಕಾರ್ಡ್ ಬರುತ್ತದೆ, ಓದಿದ ಮೇಲೆ ಮಗುವನ್ನು ಕೇಳಬೇಕಾದ ಪ್ರಶ್ನೆಗಳು ಅದರಲ್ಲಿ. 'ಈ ಕಥೆಯಿಂದ ನೀನು ಏನು ಕಲಿತೆ?' ಹಳೇ ನೀತಿಕಥೆಯ ಬಾಲ ಕತ್ತರಿಸಿ ಹೊಸ ಪುಸ್ತಕಕ್ಕೆ ಹೊಲಿದ ಹಾಗೆ. ನಾನು ಕಾರ್ಡನ್ನು ಪುಟ ಗುರುತಿಡಲು ಬಳಸುತ್ತೇನೆ.

ಇದು ಸಾಲದು ಅಂತ ಪುಸ್ತಕಗಳ ಮೇಲೆ ಸ್ಟಿಕ್ಕರ್ ಬೇರೆ. ಕೆಲವು ಪುಸ್ತಕಕ್ಕೆ 'ಕನ್ನಡಿ', ಕೆಲವಕ್ಕೆ 'ಕಿಟಕಿ'. ಇದು ಮಕ್ಕಳ ಸಾಹಿತ್ಯದ ಅಮೆರಿಕನ್ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದ ಮಾತು: ಮಗುವಿಗೆ ತನ್ನ ಬದುಕು ಕಾಣುವ ಪುಸ್ತಕವೂ ಬೇಕು, ಬೇರೆಯವರ ಬದುಕು ಕಾಣುವ ಪುಸ್ತಕವೂ ಬೇಕು. ಮಾತು ಸರಿಯೇ. ಆದರೆ ಎರಡು ಮನೆಯ ಹುಡುಗನ ಪುಸ್ತಕಕ್ಕೆ 'ಕಿಟಕಿ' ಅಂತ ಅಂಟಿಸಿದ್ದಾರೆ. ನನ್ನ ಮಗಳಿಗೆ ಇರಬಹುದು, ಅವಳ ಪಕ್ಕದಲ್ಲಿ ಕೂರುವ ಗೆಳತಿಗೆ ಅದು ಕನ್ನಡಿ. ಡಬ್ಬಿ ಯಾರ ಮನೆಗೆ ಹೋಗುತ್ತದೆ ಅಂತ ಇವರು ಮೊದಲೇ ತೀರ್ಮಾನ ಮಾಡಿಕೊಂಡಿದ್ದಾರೆ. ಕಥೆಯ ಮಕ್ಕಳಿಗೆಲ್ಲ ತಮ್ಮದೇ ರೂಮು, ತಮ್ಮದೇ ಮೇಜು ಇರುವುದೂ ಅದಕ್ಕೇ ಇರಬೇಕು. ಸಾಲ, ಬಾಡಿಗೆ, ಕೆಲಸ ಕಳೆದುಕೊಂಡ ಅಪ್ಪ, ಇದ್ಯಾವುದೂ ಇನ್ನೂ ಡಬ್ಬಿಯೊಳಗೆ ಬಂದಿಲ್ಲ.

ಯಾರು ಪುಸ್ತಕದಲ್ಲಿದ್ದಾರೆ, ಯಾರಿಲ್ಲ ಅನ್ನುವ ತಕರಾರು ಸುಮ್ನೆ ಅಲ್ಲ. 1965ರಲ್ಲಿ ಅಮೆರಿಕದ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ ಅಲ್ಲಿನ 63 ಪ್ರಕಾಶಕರು ಮೂರು ವರ್ಷದಲ್ಲಿ ತಂದ 5,206 ಮಕ್ಕಳ ಪುಸ್ತಕಗಳ ಲೆಕ್ಕ ತೆಗೆದರು. ಬರಹದಲ್ಲೋ ಚಿತ್ರದಲ್ಲೋ ಒಬ್ಬರಾದರೂ ಕಪ್ಪು ಜನ ಕಂಡದ್ದು ಶೇ. 6.7ರಷ್ಟರಲ್ಲಿ ಮಾತ್ರ. ಹೊರಗೆ ನಾಗರಿಕ ಹಕ್ಕುಗಳ ಹೋರಾಟ ಜೋರಾಗಿತ್ತು, ಕಪಾಟಿನಲ್ಲಿ ಅದರ ಸುಳಿವೇ ಇರಲಿಲ್ಲ. ಅವರ ಲೇಖನ ಐದು ವರ್ಷದ ಕಪ್ಪು ಹುಡುಗಿಯೊಬ್ಬಳ ಪ್ರಶ್ನೆಯಿಂದ ಶುರುವಾಗುತ್ತದೆ. ಇವರು ಯಾವಾಗಲೂ ಬಿಳಿ ಮಕ್ಕಳೇ ಯಾಕೆ ಅಂತ. ಈ ಪ್ರಶ್ನೆ ಯಾವ ಕಾರ್ಡಿನಲ್ಲೂ ಇರಲಿಲ್ಲ.

ಹಳೇ ಕಥೆಗಳ ಸಂಗ್ರಹ ಒಂದು ಬಂದಿತ್ತು. ನಾನು ಚಿಕ್ಕಂದಿನಲ್ಲಿ ಓದಿದ ಕಥೆಗಳೇ, ಆದರೆ ಮಲತಾಯಿ ಒಳ್ಳೆಯವಳಾಗಿದ್ದಾಳೆ, ರಾಜಕುಮಾರಿ ಮದುವೆ ಬೇಡ ಅನ್ನುತ್ತಾಳೆ. ಅನ್ನಲಿ, ನನಗೆ ಖುಷಿಯೇ. ಬದಲಾಯಿಸಿದ್ದೇವೆ ಅಂತ ಎಲ್ಲೂ ಬರೆದಿಲ್ಲ, ಅದು ಸರಿ ಅಲ್ಲ. ಬ್ರಿಟಿಷ್ ಲೇಖಕ ರೋಆಲ್ಡ್ ಡಾಲ್ 1964ರ ತಮ್ಮ ಚಾಕೊಲೇಟ್ ಫ್ಯಾಕ್ಟರಿ ಕಥೆಯಲ್ಲಿ ಆ ಫ್ಯಾಕ್ಟರಿಯ ಕೆಲಸಗಾರರನ್ನು ಆಫ್ರಿಕಾದಿಂದ ತಂದ ಪಿಗ್ಮಿಗಳು ಅಂತ ಬರೆದು, ಟೀಕೆ ಬಂದ ಮೇಲೆ 1973ರ ಹೊತ್ತಿಗೆ ತಾವೇ ತಿದ್ದಿದರು. ಅವರು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ ಬೇರೆಯವರು ಮಾಡಿದ ತಿದ್ದುಪಡಿಗಳು 2023ರಲ್ಲಿ ಸುದ್ದಿಯಾದಾಗ ಗಲಾಟೆ ಎದ್ದು, ಪ್ರಕಾಶಕರು ತಿದ್ದದ ಹಳೇ ಆವೃತ್ತಿಯನ್ನೂ ಮಾರಾಟಕ್ಕೆ ಇಡುತ್ತೇವೆ ಅಂದರು. ಇಲ್ಲೂ ಹಾಗೇ ಮಾಡಲಿ, ಕನಿಷ್ಠ ಒಂದು ಸಾಲಿನ ಟಿಪ್ಪಣಿ ಹಾಕಲಿ.

ಕಾಗದ, ಬೈಂಡಿಂಗ್ ಚೆನ್ನಾಗಿದೆ. ವಯಸ್ಸಿನ ಗುರುತು ನಂಬಬೇಡಿ, ಎಂಟು ವರ್ಷ ಅಂದಿದ್ದನ್ನು ಆರರವರೂ ಓದುತ್ತಾರೆ. ಸೇರುವವರು ವರ್ಷದ ಚಂದಾ ಒಟ್ಟಿಗೆ ಕಟ್ಟಬೇಡಿ, ತಿಂಗಳ ಲೆಕ್ಕದಲ್ಲಿ ಸೇರಿ. ನಡುವೆ ನಿಲ್ಲಿಸುವ ಆಯ್ಕೆ ಇದೆ, ಅಕೌಂಟ್ ಪುಟದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ.