ಕೀನ್ಯಾ ಪ್ರವಾಸಕ್ಕೆ ಯಾವ ಹಕ್ಕಿ ಪುಸ್ತಕ? ಸ್ಟೀವನ್‌ಸನ್–ಫ್ಯಾನ್‌ಶಾ ಗೈಡ್‌ನ ದೀರ್ಘ ಬಳಕೆಯ ವಿಮರ್ಶೆ

ಬೆಂಗಳೂರಿನಿಂದ ಮಸಾಯ್ ಮಾರಾಗೆ ಹೊರಟವರ ಬ್ಯಾಗಿನಲ್ಲಿ ಲೆನ್ಸ್‌ಗಳು ತುಂಬಿದ ಮೇಲೆ ಉಳಿಯುವುದು ಒಂದು ಪುಸ್ತಕದ ಜಾಗ. ಆ ಜಾಗಕ್ಕೆ ನನ್ನ ಮತ ಟೆರಿ ಸ್ಟೀವನ್‌ಸನ್ ಮತ್ತು ಜಾನ್ ಫ್ಯಾನ್‌ಶಾ ಅವರ ‘ಬರ್ಡ್ಸ್ ಆಫ್ ಈಸ್ಟ್ ಆಫ್ರಿಕಾ’ಕ್ಕೆ. ಆದರೆ ಕೊಂಡ ಹಾಗೆಯೇ ಒಯ್ದರೆ ಇದು ಅರ್ಧ ಉಪಯೋಗಕ್ಕೆ ಬರುತ್ತದೆ, ಮನೆಯಲ್ಲೇ ಸ್ವಲ್ಪ ಕೆಲಸ ಮಾಡಿಕೊಳ್ಳಬೇಕು.

ಇದರ ದೊಡ್ಡ ಗುಣ ಪುಟಗಳ ಜೋಡಣೆ. ಚಿತ್ರ ಒಂದು ಕಡೆ, ಅದರ ಎದುರು ಪುಟದಲ್ಲೇ ವಿವರಣೆ ಮತ್ತು ನಕ್ಷೆ. ಕೀನ್ಯಾ ಹಾಗೂ ಉತ್ತರ ತಾಂಜಾನಿಯಾಕ್ಕೆಂದೇ ಇರುವ ಝಿಮ್ಮರ್‌ಮನ್, ಟರ್ನರ್, ಪಿಯರ್ಸನ್ ಅವರ ಪುಸ್ತಕ ವಿದ್ವತ್ತಿನಲ್ಲಿ ಕಡಿಮೆಯದೇನಲ್ಲ. ಆದರೆ ಅಲ್ಲಿ ಚಿತ್ರಗಳೆಲ್ಲ ಒಂದು ಕಡೆ, ವಿಸ್ತಾರವಾದ ವಿವರಣೆ ಹಿಂದೆಲ್ಲೋ. ಕುಲುಕುವ ಜೀಪಿನಲ್ಲಿ ಒಂದು ಕೈಯಲ್ಲಿ ದುರ್ಬೀನು ಹಿಡಿದು ಎರಡು ಕಡೆ ಬೆರಳಿಟ್ಟುಕೊಂಡು ಪುಟ ತಿರುವುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ರಾತ್ರಿ ಕ್ಯಾಂಪಿನಲ್ಲಿ ಕೂತು ಓದಲು ಮಾತ್ರ ನಾನು ಝಿಮ್ಮರ್‌ಮನ್‌ನನ್ನೇ ಆರಿಸುತ್ತೇನೆ.

ಎರಡನೆಯ ಗುಣ, ಮರಿಹಕ್ಕಿಗಳ ಚಿತ್ರ. ಮಾರಾದಲ್ಲಿ ಕ್ಯಾಂಪಿನ ಊಟದ ಮೇಜಿಗೇ ಬರುವ ಸೂಪರ್ಬ್ ಸ್ಟಾರ್ಲಿಂಗ್‌ಗೆ ಬಿಳಿಯ ಕಣ್ಣು, ಎದೆಗೆ ಅಡ್ಡಲಾಗಿ ಬಿಳಿ ಪಟ್ಟಿ. ಹಿಲ್ಡೆಬ್ರಾಂಟ್ಸ್ ಸ್ಟಾರ್ಲಿಂಗ್‌ಗೆ ಕೆಂಪು ಕಣ್ಣು, ಪಟ್ಟಿ ಇಲ್ಲ. ಇಷ್ಟು ಸುಲಭ ಎಂದುಕೊಂಡವರನ್ನು ಏಮಾರಿಸುವುದು ಸೂಪರ್ಬ್‌ನ ಮರಿ: ಅದರ ಕಣ್ಣು ಕಪ್ಪು, ಪಟ್ಟಿಯೂ ಮಸುಕು. ರಣಹದ್ದುಗಳದ್ದೂ ಇದೇ ಕಥೆ. ಬಲಿತ ರುಪೆಲ್ಸ್ ಹದ್ದಿಗೆ ತಿಳಿ ಬಣ್ಣದ ಕೊಕ್ಕು, ಮೈಮೇಲೆ ಹುರುಪೆಯಂಥ ಬಿಳಿ ಅಂಚುಗಳು. ಬಿಳಿಬೆನ್ನಿನದಕ್ಕೆ ಕಪ್ಪು ಕೊಕ್ಕು. ಎಳೆಯ ರುಪೆಲ್ಸ್‌ನ ಕೊಕ್ಕೂ ಕಪ್ಪೇ. ಹಾಗಾಗಿ ಕೊಕ್ಕೊಂದನ್ನೇ ನೆಚ್ಚಬಾರದು, ಎರಡೂ ವಯಸ್ಸಿನ ಚಿತ್ರ ಎದುರಿಗಿರಬೇಕು.

ಇನ್ನು ತೊಡಕು. 2002ರ ಮೊದಲ ಆವೃತ್ತಿಯಲ್ಲಿ 287 ಚಿತ್ರಪುಟ, 1,388 ಜಾತಿ. ಕೀನ್ಯಾ, ತಾಂಜಾನಿಯಾ, ಉಗಾಂಡಾ, ರುವಾಂಡಾ, ಬುರುಂಡಿ ಐದೂ ದೇಶ ಒಟ್ಟಿಗೆ. ಮಾರಾ ಮತ್ತು ನೈವಾಷಾ ಸರೋವರ ನೋಡಿ ಬರುವವರಿಗೆ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಡದ್ದು. ಹೊಸಬರ ತಪ್ಪು ಗುರುತುಗಳೆಲ್ಲ ಹುಟ್ಟುವುದು ಇಲ್ಲೇ. ಚಿತ್ರ ಹೋಲುತ್ತದೆ, ಕಂಡ ಹಕ್ಕಿಗಳ ಪಟ್ಟಿಯಲ್ಲಿ ಟಿಕ್ ಬೀಳುತ್ತದೆ, ಆಮೇಲೆ ನೋಡಿದರೆ ಆ ಹಕ್ಕಿ ಉಗಾಂಡಾದ ಕಾಡು ಬಿಟ್ಟು ಆಚೆ ಬರುವುದೇ ಇಲ್ಲ. ನಕ್ಷೆಯೋ ಅಂಚೆಚೀಟಿಯಷ್ಟು, ಅದರೊಳಗೆ ಐದು ದೇಶ. ಹಾಗಾಗಿ ವಿವರಣೆಯಲ್ಲಿ ಮೀಟರ್‌ಗಳಲ್ಲಿ ಕೊಟ್ಟಿರುವ ಎತ್ತರವನ್ನೂ ಓದಬೇಕು. ಬರಿಂಗೊ ಸರೋವರ ಸುಮಾರು 1,000 ಮೀಟರ್, ನೈವಾಷಾ 1,900ರ ಹತ್ತಿರ. ಒಂದೇ ರಿಫ್ಟ್ ಕಣಿವೆಯಾದರೂ ಹಕ್ಕಿಗಳು ಬೇರೆ.

ಪರಿಹಾರ ಪೆನ್ಸಿಲ್. ಹಕ್ಕಿ ವೀಕ್ಷಕರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ, ಮಾರಾ ಇರುವ ನಾರೊಕ್ ಕೌಂಟಿಯ ಬಾರ್ ಚಾರ್ಟ್ (ಯಾವ ಹಕ್ಕಿ ಯಾವ ತಿಂಗಳು ಎಷ್ಟು ಕಾಣುತ್ತದೆ ಎಂಬ ಪಟ್ಟಿ) ತೆರೆದು, ನೀವು ಹೋಗುವ ತಿಂಗಳಲ್ಲಿ ದಪ್ಪ ಗೆರೆ ಇರುವ ಹಕ್ಕಿಗಳಿಗೆ ಪುಸ್ತಕದಲ್ಲಿ ಚುಕ್ಕಿ ಇಡಿ. ಒಂದು ಸಂಜೆಯ ಕೆಲಸ. ಜುಲೈ–ಆಗಸ್ಟ್‌ನವರಿಗೆ ಯುರೋಪ್, ಏಷ್ಯಾದ ಚಳಿಗಾಲದ ವಲಸಿಗರ ಪುಟಗಳು ಬಹುತೇಕ ಖಾಲಿ ಉಳಿಯುತ್ತವೆ. ನವೆಂಬರ್ ನಂತರ ಹೋಗುವವರಿಗೆ ಅದೇ ಪುಟಗಳಲ್ಲಿ ನಮ್ಮ ಕಡೆ ಹಾದು ಹೋಗುವ ಅಮುರ್ ಫಾಲ್ಕನ್ ಸಿಗುತ್ತದೆ. ನಮ್ಮಲ್ಲಿಲ್ಲದ ಟುರಾಕೊ, ಮೌಸ್‌ಬರ್ಡ್, ವುಡ್-ಹೂಪೋ ಪುಟಗಳಿಗೂ ನೇಕಾರ ಹಕ್ಕಿಗಳ ಗುಂಪಿಗೂ ಅಂಚಿನಲ್ಲಿ ಬಣ್ಣದ ಚೀಟಿ ಅಂಟಿಸಿ. ಸಲೀಂ ಅಲಿಯವರ ಭಾರತದ ಹಕ್ಕಿ ಪುಸ್ತಕ ಓದಿ ಪಳಗಿದ ಕೈಗೆ ಆ ಪುಟಗಳು ತಾವಾಗಿ ಸಿಗುವುದಿಲ್ಲ.

ಪುಸ್ತಕ ಸೋಲುವ ಜಾಗಗಳೂ ಇವೆ. ನೇಕಾರ ಹಕ್ಕಿಗಳ ಬಳಗದ ಬಿಷಪ್ ಮತ್ತು ವಿಡೋಬರ್ಡ್‌ಗಳ ಹೆಣ್ಣುಗಳು, ಮಳೆಗಾಲ ಮುಗಿದು ಬಣ್ಣ ಕಳಚಿದ ಗಂಡುಗಳು ಎಲ್ಲವೂ ಕಂದುಗೆರೆಯ ಗುಬ್ಬಿಗಳೇ. ಯಾವ ಕಲಾವಿದನೂ ಇಲ್ಲಿ ಪೂರ್ತಿ ನೆರವಾಗಲಾರ. ಹುಲ್ಲಿನಲ್ಲಿರುವ ಪುಟ್ಟ ಕಂದು ಹಕ್ಕಿಗಳಾದ ಸಿಸ್ಟಿಕೋಲಾಗಳಂತೂ ಕೂಗು, ನೆಲೆ, ಎತ್ತರ ಮೂರೂ ಕೂಡಿದರಷ್ಟೇ ಬಗೆಹರಿಯುತ್ತವೆ. ಕೂಗನ್ನು ಅಕ್ಷರಗಳಲ್ಲಿ ಓದಿ ಕಲಿಯುವುದು ಕಷ್ಟ. ಅದಕ್ಕೆ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್‌ನಲ್ಲಿ ಕೀನ್ಯಾದ ಹಕ್ಕಿಗಳಿರುವ ಪ್ಯಾಕನ್ನು ಊರಲ್ಲೇ ವೈಫೈ ಇರುವಾಗ ಇಳಿಸಿಕೊಳ್ಳಿ, ಮಾರಾದ ನೆಟ್‌ವರ್ಕ್ ನಂಬಬೇಡಿ. ಅದರ ಧ್ವನಿ ಗುರುತಿಸುವಿಕೆ ಎಲ್ಲ ಜಾತಿಗಳಿಗೂ ಇಲ್ಲ. ಧ್ವನಿಮುದ್ರಿಕೆ ಕೇಳಿ ಹೋಲಿಸಿ ನೋಡಲು ಸಾಕು.

ಆವೃತ್ತಿಯ ವಿಚಾರ: 2020ರ ಎರಡನೆಯದು 1,448 ಜಾತಿಗಳದ್ದು, ಹೆಸರುಗಳೂ ಪರಿಷ್ಕೃತ. ಸೆಕೆಂಡ್ ಹ್ಯಾಂಡ್ 2002 ಅಗ್ಗಕ್ಕೆ ಸಿಕ್ಕರೆ ಚಿತ್ರಗಳಿಗೆ ಮೋಸವಿಲ್ಲ, ಆದರೆ ಪಟ್ಟಿ ತುಂಬುವಾಗ ತಡಕಾಡಬೇಕಾಗುತ್ತದೆ. ಅಲ್ಲಿ ಕಾಮನ್ ಫಿಸ್ಕಲ್ ಆಗಿದ್ದ ಹಕ್ಕಿ ಇ-ಬರ್ಡ್‌ನಲ್ಲಿ ಈಗ ನಾರ್ದರ್ನ್ ಫಿಸ್ಕಲ್. ಪಟ್ಟಿ ಮಾಡುವ ಚಟ ಇದ್ದರೆ ಹೊಸದನ್ನೇ ಕೊಳ್ಳಿ.

ತೂಕ ಒಂದು ಕೆಜಿಗೆ ಮೇಲೆ. ನೈರೋಬಿಯ ವಿಲ್ಸನ್ ಏರ್‌ಪೋರ್ಟ್‌ನಿಂದ ಮಾರಾಗೆ ಹಾರುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲವೂ ಸೇರಿ 15 ಕೆಜಿ ಮಿತಿ, ಕ್ಯಾಮೆರಾ ಹೊರುವವರು ಲೆಕ್ಕ ಹಾಕಿಕೊಳ್ಳಲಿ. ಸಿಂಹ, ಚಿರತೆಗೆಂದೇ ಹೋಗಿ ನಡುವೆ ಕಂಡ ಹಕ್ಕಿಯ ಹೆಸರು ಸಿಕ್ಕರೆ ಸಾಕು ಎನ್ನುವವರು ಇದನ್ನು ಹೊರಬೇಕಿಲ್ಲ. ಮಾರಾಕ್ಕೆ ಸೀಮಿತವಾದ ತೆಳ್ಳನೆಯ ಫೋಟೋ ಗೈಡ್ ಧಾರಾಳ. ಹಲವು ಸಫಾರಿ ಗೈಡ್‌ಗಳ ಡ್ಯಾಶ್‌ಬೋರ್ಡಿನಲ್ಲಿ ಇದೇ ದಪ್ಪ ಪುಸ್ತಕ ಇರುತ್ತದೆ. ಬುಕ್ ಮಾಡುವಾಗಲೇ ಕೇಳಿ, ಯಾವ ಆವೃತ್ತಿ ಎಂದೂ ಕೇಳಿ. ಇದ್ದರೆ ಚುಕ್ಕಿ ಇಟ್ಟ ಪಟ್ಟಿಯನ್ನು ಕಾಗದದ ಮೇಲೆ, ಅದೇ ಆವೃತ್ತಿಯ ಚಿತ್ರಪುಟ ಸಂಖ್ಯೆಯ ಸಮೇತ, ಬರೆದುಕೊಂಡು ಹೋದರಾಯಿತು.